ಪೇಟೆ ಬೀದಿಯ ಪೆನ್ಸಿಲ್ ಚಿತ್ರ

ಹೊಳಲ್ಕೆರೆಯ ನಮ್ಮ ಡ್ರಾಯಿಂಗ್ ಮೇಷ್ಟ್ರು ಪೆನ್ಸಿಲ್ ಗೆರೆಯನ್ನು ಹೆಬ್ಬೆರಳಿನಿಂದಲೇ ತೀಡಿ ನೆರಳು ಮಾಡುತ್ತಿದ್ದರು. ಊಟಕ್ಕೆ ಕೂತಾಗಲೂ ಆ ಬೆರಳು ಕಪ್ಪಗೇ ಇರುತ್ತಿತ್ತು. ಯಾರಾದರೂ ಚಿತ್ರ ಹೊಗಳಿದರೆ, “ಮೊದ್ಲು ನೆಟ್ಟಗೆ ನೋಡ್ರಿ” ಎಂದು ಗದರುತ್ತಿದ್ದರು.

ರಸ್ತೆ ಅಗಲ ಮಾಡಲು ಪೇಟೆ ಬೀದಿಯ ಮನೆಗಳನ್ನು ಕೆಡವುವಾಗ ಅವರು ಎದುರಿಗೇ ಕೂತು ಚಿತ್ರ ಬರೆದರು. ಹೊಸ ರಸ್ತೆಯ ಉದ್ಘಾಟನೆಗೆ ಅಧಿಕಾರಿಗಳು ಅದನ್ನೇ ಶಾಲೆಯಿಂದ ತರಿಸಿ ವೇದಿಕೆಯಲ್ಲಿ ತೂಗುಹಾಕಿದರು. ಮನೆಗಳನ್ನು ಕೆಡವಿಸಿದ ಸಾಹೇಬರೇ ಮೈಕ್ ಹಿಡಿದು, “ಮುಂಜಾನೆ ಮಂಜಿನಲ್ಲಿ ನಮ್ಮ ಹಳೇ ಊರು! ಎಷ್ಟು ಪ್ರಶಾಂತ!” ಎಂದರು. ಮನೆ ಕಳೆದುಕೊಂಡವರೂ ಚಪ್ಪಾಳೆ ತಟ್ಟಿದರು, ಥೂ!

ಮೇಷ್ಟ್ರು ಎದ್ದು ನಿಂತರು. “ಮೊದ್ಲು ನೆಟ್ಟಗೆ ನೋಡ್ರಿ. ಮಂಜು ಎಲ್ಲೈತ್ರೀ ಅದ್ರಾಗೆ? ನೀವು ಮನೆ ಬೀಳ್ಸಿದಾಗ ಎದ್ದ ಧೂಳು ಅದು!”

ಚಿತ್ರವನ್ನು ಕಿತ್ತು ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟರು. ಕೆಡವಿದ ಆ ಮನೆಗಳಲ್ಲಿ ಅವರದು ಒಂದೂ ಇರಲಿಲ್ಲ.