ಎದುರುಮನೆಯ ಖಾಲಾ ಕಲಿಸಿದ ನಡಿಗೆ

ಖಾಲಾ ಅವರ ಪಾದಗಳು ನೋಡುವಂತಿರಲಿಲ್ಲ. ನಲವತ್ತು ವರ್ಷ, ನೆಲದ ಗುಂಡಿಯಲ್ಲಿ ಕಾಲಿಳಿಸಿ ನೇಯುವ ಕುಣಿಮಗ್ಗದ ಹಲಗೆ ತುಳಿದು ಎರಡೂ ಹೆಬ್ಬೆರಳುಗಳು ಹೊರಕ್ಕೆ ತಿರುಗಿದ್ದವು, ಹಿಮ್ಮಡಿ ಒಡೆದು ಕಪ್ಪು ಗೆರೆ ಕಟ್ಟಿತ್ತು, ಬಲಗಾಲಿನ ಕಿರುಬೆರಳಿಗೆ ಉಗುರೇ ಇರಲಿಲ್ಲ. ನಾನು ಅವರ ಮುಖಕ್ಕಿಂತ ಮೊದಲು ಆ ಪಾದಗಳನ್ನು ಗುರುತು ಹಿಡಿದೆ. ಆಗ ನಾನು ಆರು ತಿಂಗಳ ಬಸುರಿ, ತಲೆ ಎತ್ತಿ ನಡೆಯುವ ಸ್ಥಿತಿಯಲ್ಲಿರಲಿಲ್ಲ. ಒಂದೊಂದು ಹೆಜ್ಜೆಯನ್ನೂ ನೆಲ ನೋಡಿ ಇಡುತ್ತಿದ್ದೆ.

ಇಳಕಲ್ಲಿನ ನೇಕಾರರ ಓಣಿಯಲ್ಲಿ ನಮ್ಮದು ಬಾಡಿಗೆ ಮನೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ಗಂಡನಿಗೆ ಹುನಗುಂದದಲ್ಲಿ ಕಚೇರಿ ಕೆಲಸ, ಮನೆಯಲ್ಲಿ ಅತ್ತೆ. ಎದುರುಮನೆಯಲ್ಲಿ ಗಂಡ ತೀರಿಹೋದ ಈ ಮುಸ್ಲಿಂ ಹೆಂಗಸು ಒಂದು ಮಗ್ಗ, ಒಂದು ಆಡು ಇಟ್ಟುಕೊಂಡು ಒಬ್ಬರೇ ಇದ್ದರು. ಓಣಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ನಾಲಿಗೆ ಹರಿತ. ಬಾಕಿಯವರ ಮನೆಯ ಸಾರಿಗೆ ಉಪ್ಪು ಹೆಚ್ಚಾದರೂ ಅವರಿಗೆ ಗೊತ್ತಾಗುತ್ತಿತ್ತು, ಹೇಳದೆ ಬಿಡುತ್ತಿರಲಿಲ್ಲ.

ನನ್ನ ನೋವು ಹೊಟ್ಟೆಯದಲ್ಲ. ಸೊಂಟದ ಹಿಂದೆ, ತೊಡೆಸಂದಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಕಿಬ್ಬೊಟ್ಟೆಯ ಕೆಳಗೆ, ಮುಂಭಾಗದ ಎಲುಬಿನಲ್ಲಿ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಹಲ್ಲು ಕಚ್ಚಬೇಕಿತ್ತು. ಶಾಲೆಯ ಮೂರು ಮೆಟ್ಟಿಲು ಹತ್ತುವಾಗ ಒಳಗೆ ಏನೋ ಕಟಕ್ಕೆನ್ನುತ್ತಿತ್ತು. ತಪಾಸಣೆಗೆ ಹೋದಲ್ಲಿ “ಬಸುರಿ ಅಂದ್ಮ್ಯಾಲೆ ಇದೆಲ್ಲಾ ಇದ್ದದ್ದ” ಎಂದು ಕಳಿಸಿದರು. ಗಂಡನಿಗೆ ಅರ್ಥವಾಗಲಿಲ್ಲ. ಅತ್ತೆಗೆ ಅರ್ಥವಾಗಿಯೂ ಆಗಲಿಲ್ಲ. ಯಾರೂ ನಂಬದ ನೋವು ಹೊತ್ತು ತಿರುಗುವಾಗ ನಾನೇ ಸುಳ್ಳುಗಾತಿಯೇನೋ ಅನ್ನಿಸತೊಡಗಿತ್ತು.

ಒಂದು ಮಧ್ಯಾಹ್ನ ಶಾಲೆಯಿಂದ ಬಂದು ನಮ್ಮ ಕಟ್ಟೆ ಹತ್ತಲಾರದೆ ಗೋಡೆ ಹಿಡಿದು ನಿಂತಿದ್ದೆ. ಎದುರಿಗೆ ಮಗ್ಗದ ಸದ್ದು ನಿಂತಿತು. ಆ ಪಾದಗಳು ನನ್ನ ಮುಂದೆ ಬಂದು ನಿಂತವು.

“ಎಲ್ಲಿ ಬ್ಯಾನಿ ಆಗತೈತಿ, ಅಕ್ಕೋರ?”

ತೋರಿಸಲು ಸಂಕೋಚಪಟ್ಟೆ.

“ನಾಚಬ್ಯಾಡ ಯವ್ವಾ. ನೋವು ಅಂದ್ರ ಕಳವು ಮಾಡಿದ ಮಾಲೇನು, ಮುಚ್ಚಿಡಾಕ?”

ತೋರಿಸಿದೆ. ಅವರು ಸುಮ್ಮನೆ ತಲೆಯಾಡಿಸಿದರು. “ಸೀರಿಗೆ ಸೆರಗು ಕೊಂಡಿ ಹಾಕಿ ಜೋಡಸ್ತೀವಲ್ಲ, ಹಂಗ ಆ ಎಲುವಿಗೂ ಒಂದು ಜೋಡಣಿ ಐತಿ. ಕೂಸಿಗೆ ದಾರಿ ಬಿಡಾಕ ಸಡಲ ಆಗತೈತಿ. ನಿಂದು ಜರಾ ಹೆಚ್ಚಿಗಿ ಸಡಲ ಆದಂಗೈತಿ. ಕಾಲು ಅಗಲಿಸಿ ಜಗ್ಗಬ್ಯಾಡ.”

ನಾನು ಅತ್ತುಬಿಟ್ಟೆ. ನೋವಿಗಲ್ಲ, ನಂಬಿದರಲ್ಲ ಎಂಬುದಕ್ಕೆ.

ಅಂದಿನಿಂದ ಶಿಕ್ಷಕಿಗೆ ಪಾಠ ಶುರುವಾಯಿತು. ಅರವತ್ತು ದಾಟಿದ ಆ ಹೆಂಗಸು ನಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿ, ಎರಡೂ ಮೊಣಕಾಲು ಕೂಡಿಸಿ ಒಟ್ಟಿಗೆ ಹೊರಳಿ ಏಳುವುದನ್ನು ಮಾಡಿ ತೋರಿಸಿದರು. ಹಳೆಯ ಸೀರೆ ಸುತ್ತಿ ಹೊಲಿದು ಮೊಣಕಾಲ ನಡುವೆ ಇಟ್ಟುಕೊಳ್ಳಲು ದಿಂಬು ಮಾಡಿಕೊಟ್ಟರು. ಕುಳಿತೇ ಲಂಗ ಹಾಕಿಕೊಳ್ಳಬೇಕು, ಪ್ರತಿ ಮೆಟ್ಟಿಲಿನಲ್ಲೂ ಎರಡು ಪಾದ ಸೇರಿಸಿದ ಮೇಲೆಯೇ ಮುಂದಿನದು, ಕೊಡ ಎತ್ತುವಂತಿಲ್ಲ. ಮರೆತರೆ ಕಿಟಕಿಯಿಂದಲೇ ಕೂಗು ಬರುತ್ತಿತ್ತು: “ಸಾಲಿ ಹುಡುಗೂರಿಗೆ ನೂರು ಮಾತು ಹೇಳ್ತಿ, ನೀ ಒಂದು ಕೇಳೂದಿಲ್ಲ!”

ಅತ್ತೆಗೆ ಇದು ಹಿಡಿಸಲಿಲ್ಲ. ಒಂದು ದಿನ ನನ್ನ ಕೈಯಲ್ಲಿ ಪೊರಕೆ ಇದ್ದಾಗ ಖಾಲಾ ಬಂದು ತಡೆದರು. ಅತ್ತೆ ಸಿಡುಕಿದರು: “ಬಗ್ಗಿ ಕಸಾ ಹೊಡದ್ರನ ಹಡಿಯೂದು ಹಗುರ ಆಗತೈತಿ. ನಾವೇನು ಹಡದಿಲ್ಲೇನು? ಆಕಿಗೆ ಮೈಗಳ್ಳತನ ಕಲಸಬ್ಯಾಡ್ರಿ.”

ಇನ್ನು ಜಗಳ ಹತ್ತಿಕೊಂಡಿತು ಎಂದು ನಾನು ಹೆದರಿದೆ. ಖಾಲಾ ಜಗಳವಾಡಲಿಲ್ಲ. ಹೊಸ್ತಿಲ ಬಳಿ ಕುಕ್ಕರಿಸಿದರು.

“ನಾನೂ ಹಿಂಗ ಅಂದಿದ್ನಿರಿ, ಅವ್ವಾರ.”

ಅವರಿಗೆ ಒಬ್ಬಳೇ ಮಗಳು. ಮೊದಲ ಹೆರಿಗೆಗೆ ತವರಿಗೆ ಬಂದವಳನ್ನು ಖಾಲಾ ಮಗ್ಗಕ್ಕೆ ಕೂರಿಸಿದ್ದರು. ಬಸುರಿ ಹಲಗೆ ತುಳಿದಷ್ಟೂ ಸೊಂಟ ಹದವಾಗುತ್ತದೆ ಎಂದು ಅವರಿಗೆ ಅವರ ಅತ್ತೆ ಹೇಳಿದ್ದ ಮಾತು. ಕಾಲು ಸೀಳಿದಂತಾಗುತ್ತದೆ ಎಂದು ಮಗಳು ಅಂದರೆ, ನಾಟಕ ಬೇಡ ಎಂದರು. ಎಂಟನೆಯ ತಿಂಗಳಲ್ಲಿ ಒಂದು ದಿನ ಕುಣಿಯಿಂದ ಮೇಲೇಳುವಾಗ ಅವಳ ಕಾಲು ಕೈಕೊಟ್ಟಿತು. ಹೊಟ್ಟೆ ಅಂಚಿನ ಕಲ್ಲಿಗೆ ಬಡಿಯಿತು. ಕೂಸು ಉಳಿಯಲಿಲ್ಲ. ಗುಡೂರಿನ ಗಂಡನ ಮನೆಗೆ ಹೋದ ಮಗಳು ಮತ್ತೆ ತಾಯಿಯ ಮನೆಗೆ ಬರಲಿಲ್ಲ.

“‘ಅಮ್ಮೀ, ಭಾಳ ಬ್ಯಾನಿ’ ಅಂತ ಒದರತಿದ್ಲು. ನಾ ಬಾಜೂಕ ಕುಂತು ನೂಲು ಸುತ್ತಾಕತ್ತಿದ್ನಿ. ಕೈ ನಿಲ್ಲಸಲಿಲ್ಲರಿ.”

ಅತ್ತೆ ಹತ್ತಿರ ಬಂದರು. ನನ್ನ ಕೈಯಿಂದ ಪೊರಕೆ ತೆಗೆದುಕೊಂಡು ತಾವೇ ಕಸ ಗುಡಿಸಿದರು. ಹೆರಿಗೆಯಾಗುವವರೆಗೂ ಅದನ್ನು ನನಗೆ ತಿರುಗಿ ಕೊಡಲಿಲ್ಲ.

ಖಾಲಾ ಬೆನ್ನು ಬಿದ್ದಿದ್ದರಿಂದ ಗಂಡ ನನ್ನನ್ನು ಬಾಗಲಕೋಟೆಯ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಸರಿಯಾಗಿ ಪರೀಕ್ಷಿಸಿ, ಸೊಂಟಕ್ಕೆ ಪಟ್ಟಿ ಕೊಟ್ಟು, ವ್ಯಾಯಾಮ ಹೇಳಿಕೊಟ್ಟರು. ಏಳುವ, ಹೊರಳುವ ರೀತಿ ಖಾಲಾ ಹೇಳಿದ್ದೇ. ನೋವು ಹೋಗಲಿಲ್ಲ, ತಡೆದುಕೊಳ್ಳುವಷ್ಟಾಯಿತು. ನಾನು ಬೀಳಲಿಲ್ಲ. ನನ್ನ ಮಗಳು ಅಳುತ್ತಾ ಹುಟ್ಟಿದಳು.

ನಾನಿನ್ನೂ ಒಂಬತ್ತನೆಯ ತಿಂಗಳಲ್ಲಿದ್ದಾಗ ಖಾಲಾ ನನ್ನನ್ನು ಒಂದೇ ಒಂದು ಕೇಳಿದ್ದರು. “ಹಡದ ಮ್ಯಾಲೆ ನನ್ನ ಕೂಡ ಗುಡೂರಿಗೆ ಬರ್ತಿಯೇನು? ಒಬ್ಬಾಕಿ ಹೋಗಾಕ ಕಾಲು ಏಳವೊಲ್ಲವು. ತಪ್ಪಾತು ಅಂತ ಹೇಳಿ ಬರ್ತೇನಿ. ನೀ ಬರೇ ಬಾಜೂಕ ನಿಂದ್ರು.”

“ಖರೇನ ಬರ್ತೇನಿ, ಖಾಲಾ” ಎಂದೆ.

ಬಾಣಂತನ ಬಂತು. ಕೂಸಿನ ಚುಚ್ಚುಮದ್ದು, ಶಾಲೆ, ಪರೀಕ್ಷೆ, ಚುನಾವಣೆ ಕೆಲಸ. ಗುಡೂರು ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಮರಳಬಹುದಾದ ಊರು. ಮೂರು ಸಲ ಕೇಳಿದರು, “ಬರೂ ಐತವಾರ” ಎಂದೆ. ಆಮೇಲೆ ಕೇಳುವುದನ್ನು ಬಿಟ್ಟರು. ನೆವಗಳೇನೇ ಇರಲಿ, ಖರೆ ಮಾತು ಬೇರೆ: ನನ್ನ ನೋವು ಹೋಗಿತ್ತು, ಅದರ ಜೊತೆಗೆ ನನ್ನ ಅವಸರವೂ ಹೋಗಿತ್ತು. ತಾಯಿ ಮಗಳ ಅಳು ನೋಡುವ ಧೈರ್ಯವೂ ಇರಲಿಲ್ಲ.

ನನ್ನ ಮಗಳಿಗೆ ಎರಡು ತುಂಬುವ ಮೊದಲು, ನಾಲ್ಕು ದಿನದ ಜ್ವರದಲ್ಲಿ ಖಾಲಾ ತೀರಿಕೊಂಡರು.

ಸುದ್ದಿ ಹೋಗಿ ಗುಡೂರಿನಿಂದ ಅವರ ಮಗಳು ಬಂದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಎಡಗಾಲು ಸ್ವಲ್ಪ ಎಳೆಯುತ್ತಿದ್ದಳು. ತಾಯಿಯ ಮುಖ ನೋಡಿದಳು, ಅಳಲಿಲ್ಲ. ಗಂಡಸರು ಶವ ಹೊತ್ತು ನಡೆದ ಮೇಲೆ ಹೆಂಗಸರೆಲ್ಲ ಮಗ್ಗದ ಕೋಣೆಯಲ್ಲಿ ಕುಳಿತೆವು. ನಾನು ಅವಳ ಪಕ್ಕಕ್ಕೆ ಸರಿದು ಎಲ್ಲ ಹೇಳಿದೆ. ಖಾಲಾ ನನಗೆ ಮಾಡಿದ್ದು, ಹೊಸ್ತಿಲ ಬಳಿ ಕುಳಿತು ಒಪ್ಪಿಕೊಂಡದ್ದು, ನನ್ನನ್ನು ಜೊತೆಗೆ ಕರೆದುಕೊಂಡು ಗುಡೂರಿಗೆ ಬರಬೇಕೆಂದಿದ್ದದ್ದು.

“ಯಾವಾಗ ಅಂದಿದ್ಲು?”

“ಎರಡು ವರ್ಷಾತು.”

“ನಾನೂ ದಾರಿ ನೋಡಾಕತ್ತಿದ್ನಿರಿ, ಅಕ್ಕೋರ,” ಎಂದಳು.

ಈ ಮಗಳಿಗೆ ಸಲ್ಲಬೇಕಿದ್ದ ಆರೈಕೆಯನ್ನೆಲ್ಲ ನಾನು ಪಡೆದಿದ್ದೆ. ತಾಯಿಯನ್ನು ಒಂದು ಬಸ್ಸು ಹತ್ತಿಸಲು ನನ್ನಿಂದ ಆಗಿರಲಿಲ್ಲ. ಆಗಲೂ ತಪ್ಪಾಯಿತು ಎನ್ನಲಿಲ್ಲ.

ಆಕೆ ಏಳಲು ಹೋದಳು. ನೋವಿಗೆ ಮುಖ ಕಿವುಚಿದಳು. ನಾನು ಕೈ ಚಾಚಿದೆ. ಆಕೆ ಮಗ್ಗದ ಕಂಬ ಹಿಡಿದು ತಾನೇ ಎದ್ದಳು.