ನೀರಿನ ಆಫೀಸಿನ ಅಕ್ಕ

ಉದ್ದನೆಯ ಕಬ್ಬಿಣದ ಸರಳಿನ ಒಂದು ತುದಿ ಫುಟ್‌ಪಾತಿನ ಮೇಲೆ, ಇನ್ನೊಂದು ತುದಿ ಬಲಗಿವಿಗೆ. ಎಡಗಿವಿಗೆ ಬೆರಳೊತ್ತಿ, ಕಣ್ಣು ಮುಚ್ಚಿ, ಮಂಡಿಯೂರಿ ಕೂತಿದ್ದರು. ಯಾವುದೋ ಕಂಪನಿಯ ಷಟಲ್ ಬಸ್ಸು ಪಕ್ಕದಲ್ಲೇ ಹೋದರೂ ಕದಲಲಿಲ್ಲ. ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಕೇಳಿಸಿಕೊಳ್ಳುತ್ತಿದ್ದ ಅಕ್ಕನನ್ನು ನಾನು ಮೊದಲು ನೋಡಿದ್ದು ಹಾಗೆ.

ಮೈಸೂರಿನಿಂದ ಈ ದೇಶಕ್ಕೆ ಬಂದು ಓದಿದ ನಾನು, ಸ್ಯಾನ್ ಮಟಿಯೋ ಹತ್ತಿರದ ಊರೊಂದರ ನೀರು ಸರಬರಾಜು ಇಲಾಖೆಗೆ ಆಗಷ್ಟೇ ಸೇರಿದ್ದೆ. ನೀರು ಉಳಿತಾಯದ ವಿಭಾಗಕ್ಕೆ ಅವರು ಮುಖ್ಯಸ್ಥರು. ಉಡುಪಿ ಕಡೆಯವರು, ಮನೆಮಾತು ತುಳು. ಆಫೀಸಿನಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನನಗೆ ಬಾಯಿ ಬರಲಿಲ್ಲ, ಅಕ್ಕ ಎಂದುಬಿಟ್ಟೆ. "ಹಾಗೇ ಕರಿ ಮಾರಾಯ್ತಿ, ಇಲ್ಲಿ ಹಾಗೆ ಕರೆಯುವವರು ಯಾರಿದ್ದಾರೆ?" ಎಂದು ನಕ್ಕರು.

ಯಾರದೋ ಸ್ಪ್ರಿಂಕ್ಲರ್ ರಸ್ತೆಗೆ ನೀರೆರಚುತ್ತಿದ್ದರೆ ಗಾಡಿ ನಿಲ್ಲಿಸಿ, "ಡಾಂಬರು ಚಿಗುರುವುದಿಲ್ಲ ಅಂತ ಹೇಳಿ ಬರ್ತೇನೆ" ಎಂದು ಇಳಿದು ಹೋಗುತ್ತಿದ್ದರು. ಬೈಸಿಕೊಂಡವರು ಕೊನೆಗೆ ನಗುತ್ತಾ ಕೈಬೀಸುತ್ತಿದ್ದರು.

ಮಳೆ ಕೈಕೊಟ್ಟ ಎರಡನೇ ಬೇಸಿಗೆ. ಊರಿನ ಹುಲ್ಲುಹಾಸುಗಳೆಲ್ಲ ಒಣಗಿದ್ದವು. ಆದರೂ ಒಂದು ಮೂಲೆಮನೆಯಲ್ಲಿ ಮಾತ್ರ ನೀರಿನ ಬಳಕೆ ಬೀದಿಯವರೆಲ್ಲರಿಗಿಂತ ಎಷ್ಟೋ ಹೆಚ್ಚು. ನೋಟಿಸುಗಳಿಗೆ ಉತ್ತರವಿರಲಿಲ್ಲ. ಅಕ್ಕಪಕ್ಕದವರು ದೂರಿನ ಮೇಲೆ ದೂರು ಕೊಟ್ಟಿದ್ದರು. ಮೀಟರಿಗೆ ಸಣ್ಣ ತೂತಿನ ಬಿಲ್ಲೆ ಕೂರಿಸಿ ಆ ಮನೆಯ ನೀರನ್ನು ತಗ್ಗಿಸಿ ಎಂದು ಮೇಲಿನಿಂದ ಆದೇಶ ಬಂತು. ನಾನು ಬಿಲ್ಲೆ ಹಿಡಿದು ಮೀಟರಿನ ಮುಚ್ಚಳ ತೆಗೆಯಹೊರಟೆ.

"ನಿಲ್ಲು. ಒಳಗೆ ಯಾರಿದ್ದಾರೆ ಅಂತ ನೋಡುವ," ಎಂದರು ಅಕ್ಕ.

ಬಾಗಿಲು ತೆರೆದ ಮುದುಕರೊಬ್ಬರು ನಮ್ಮ ಬ್ಯಾಡ್ಜ್ ನೋಡಿ ಬಿಳಿಚಿಕೊಂಡರು. ಒಳಗೆ ಅವರ ಹೆಂಡತಿ ಹಾಸಿಗೆ ಹಿಡಿದಿದ್ದರು. ಹಗಲೆಲ್ಲ ಚಾದರ ಬದಲಿಸಬೇಕು, ಒಗೆಯಬೇಕು. ನೀರು ಖರ್ಚಾಗುವುದು ಅದಕ್ಕೇ ಎಂದು ಅವರು ನಂಬಿದ್ದರು. ಉಳಿಸಲೆಂದು ತಮ್ಮ ಸ್ನಾನವನ್ನೇ ಬಿಟ್ಟಿದ್ದರು. "ಬರುವ ವಾರ ಇವಳನ್ನು ನರ್ಸಿಂಗ್ ಹೋಮಿಗೆ ಸೇರಿಸುತ್ತೇನೆ. ಅಲ್ಲಿಯವರೆಗೆ ಸಮಯ ಕೊಡಿ," ಎಂದರು.

ಅಕ್ಕ ಹಾಸಿಗೆಯ ಬಳಿ ಹೋಗಿ ಆಕೆಯ ಕೈಮೇಲೆ ಒಂದು ಕ್ಷಣ ಕೈಯಿಟ್ಟರು. ಆಮೇಲೆ ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿಸಿದರು. ಹೊರಗೆ ಮೀಟರಿನ ಮುಳ್ಳು ತಿರುಗುತ್ತಲೇ ಇತ್ತು.

ಸರಳು ಹಿಡಿದು ಅಂಗಳವಿಡೀ ತೆವಳಿದರು. ಹಿತ್ತಲ ಬೇಲಿಯ ಹತ್ತಿರ ನಿಂತು ನನ್ನನ್ನು ಕೈಸನ್ನೆಯಲ್ಲಿ ಕರೆದರು. ಹಿಂದಿನ ಮಾಲೀಕರ ಕಾಲದ ತೋಟದ ಪೈಪೊಂದು ಮಣ್ಣಿನಡಿ ಒಡೆದಿತ್ತು. ಅದೊಂದು ಇದೆಯೆಂದೇ ಮುದುಕರಿಗೆ ಗೊತ್ತಿರಲಿಲ್ಲ. ಬಳ್ಳಿಗಳ ಸಂದಿಯಲ್ಲಿ ಅದರ ವಾಲ್ವು ಸಿಕ್ಕಿತು. ಇಬ್ಬರೂ ಸೇರಿ ತಿರುಗಿಸಿದೆವು. ಮೀಟರಿನ ಮುಳ್ಳು ನಿಂತಿತು.

"ಚಾದರದಿಂದ ಏನೂ ಆಗಿದ್ದಲ್ಲ. ಎಷ್ಟು ಬೇಕಾದರೂ ಒಗೆಯಿರಿ. ಅವರು ಇಲ್ಲೇ ಇರಲಿ," ಎಂದು ಅಕ್ಕ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು.

ಮುದುಕರು ಮೆಟ್ಟಿಲ ಮೇಲೆ ಕೂತರು. ಅಲ್ಲಿಂದಲೇ ಕೇಳಿದರು: "ಹಾಗಾದರೆ ನಾನು ಸ್ನಾನ ಮಾಡಬಹುದಾ?"

ಅಕ್ಕ ಮುಖ ಆಚೆ ತಿರುಗಿಸಿಕೊಂಡರು.

ದೂರು ಕೊಟ್ಟವರ ಮನೆಗಳಿಗೂ ಅಂದೇ ಹೋಗಿ ನಡೆದದ್ದನ್ನು ತಿಳಿಸಿದರು. ಸಾಯಂಕಾಲ ಆ ಮನೆಗೆ ಒಬ್ಬರು ಸೂಪು ತಂದರು, ಇನ್ನೊಬ್ಬರು ಒಗೆಯಲು ಚಾದರ ಒಯ್ದರು. ಚಳಿಗಾಲದ ಹೊತ್ತಿಗೆ ಬೀದಿಯವರೇ ಸೇರಿ ಆ ಮನೆಯಂಗಳದ ಒಣಹುಲ್ಲು ಕಿತ್ತು, ಹೆಚ್ಚು ನೀರು ಬೇಡದ ಇಲ್ಲಿನದೇ ಗಿಡಗಳನ್ನು ನೆಟ್ಟರು. ವಸಂತದಲ್ಲಿ ಕಿತ್ತಳೆ ಬಣ್ಣದ ಗಸಗಸೆ ಜಾತಿಯ ಹೂಗಳು ಕಿಟಕಿಯುದ್ದಕ್ಕೂ ಅರಳಿದಾಗ ಆಕೆ ಹಾಸಿಗೆಯಿಂದಲೇ ನೋಡಿದರು. ನೀರು ತಗ್ಗಿಸುವ ಮೊದಲು ಮನೆಯವರನ್ನು ಕಂಡು ಮಾತಾಡಲೇಬೇಕೆಂದು ಅಕ್ಕ ಹಟ ಹಿಡಿದು ನಿಯಮ ಮಾಡಿಸಿದರು. ಅದು ಇಂದಿಗೂ ಇದೆ. ಅವರ ಜಾಗದಲ್ಲಿ ಈಗ ನಾನಿದ್ದೇನೆ.

ಕಳೆದ ವರ್ಷ ಅಕ್ಕ ತೀರಿಕೊಂಡರು. ಪಕ್ಕದ ಊರು ಫಾಸ್ಟರ್ ಸಿಟಿಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ನಾನು ಈ ಘಟನೆ ಹೇಳಿ ಕೂತೆ. ಹಿಂದಿನ ಸಾಲಿನಿಂದ ಅಪರಿಚಿತ ಹೆಂಗಸೊಬ್ಬರು ಎದ್ದರು. "ನಮ್ಮ ಮನೆಗೂ ಬಂದಿದ್ದರು," ಎಂದು ಶುರುಮಾಡಿದರು. ಅವರು ಮುಗಿಸುವಷ್ಟರಲ್ಲಿ ಗೋಡೆಯ ಪಕ್ಕದಲ್ಲಿ ಇನ್ನೊಬ್ಬರು ಎದ್ದರು, ಆಮೇಲೆ ಮತ್ತೊಬ್ಬರು. ಅಷ್ಟು ವರ್ಷ ಜೊತೆಗಿದ್ದ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಸಭಾಂಗಣಕ್ಕೆ ಬೀಗ ಹಾಕಲು ಬಂದವನು ಕೂಡ ಬಾಗಿಲಲ್ಲೇ ನಿಂತು ಕೇಳುತ್ತಿದ್ದ.