ನಕ್ಷೆಯ ಮೇಲೆ ಹಾಸಿದ ಕಂಬಳಿ

ಯೆಣೆಗೂರಿನ ಹೆದ್ದಾರಿ ಬಿಟ್ಟು ಒಳಗೆ ನಡೆದರೆ ಸಿಗುವ ಸಣ್ಣ ಹಳ್ಳಿಯಲ್ಲಿ, ಅಲ್ಲಿಯವರ ಮಾತಿನಲ್ಲಿ ವಾಡಿಯಲ್ಲಿ, ಅಂಬುಬಾಯಿಯ ಹಟ ಎಲ್ಲರಿಗೂ ಗೊತ್ತು. ಒಮ್ಮೆ ಉಮರ್ಗಾದಿಂದ ಬರುವಾಗ ಬಸ್ಸಿನ ಕಂಡಕ್ಟರ್ ಆಕೆಯ ಮಡಿಲಲ್ಲಿದ್ದ ಕುರಿಮರಿಯನ್ನು ಇಳಿಸು ಎಂದನಂತೆ. "ಇದಕ್ಕೂ ಒಂದು ಅರ್ಧ ಟಿಕೀಟು ಹರಿ, ಇಬ್ಬರೂ ಕುಂದರ್ತೀವಿ" ಎಂದು ಈಕೆ ಸೀಟು ಬಿಡಲಿಲ್ಲ. ಮರಿ ಕಿಟಕಿ ಪಕ್ಕದಲ್ಲೇ ಊರು ಸೇರಿತು. ಇಂಥ ಹೆಂಗಸನ್ನು ಕೇಳದೆ ಆಕೆಯ ಬಯಲಿಗೆ ಕೈ ಹಾಕಿದವರ ಧೈರ್ಯವನ್ನು ಮೆಚ್ಚಬೇಕು, ಬುದ್ಧಿಯನ್ನಲ್ಲ.

ಆಳಂದದ ಕಡೆ ಹುಟ್ಟಿ, ಅಮೋಘಸಿದ್ಧನನ್ನು ಮದುವೆಯಾಗಿ ಗಡಿ ದಾಟಿ ಮರಾಠಿ ಸೀಮೆಗೆ ಬಂದವಳು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಕುರಿಗಳ ಜೊತೆ ಎರಡೂ ಅಲ್ಲದ ಒಂದು ಭಾಷೆ. ದೀಪಾವಳಿ ಮುಗಿದರೆ ಕುರಿಯವರೆಲ್ಲ ಹಿಂಡು ಹೊಡೆದುಕೊಂಡು ನಿಲಂಗಾ, ಶಿರೂರ ಅನಂತಪಾಳದ ಕಡೆ ಹೊರಡುತ್ತಾರೆ. ಕೊಯ್ಲಾದ ಹೊಲಗಳಲ್ಲಿ ರಾತ್ರಿ ಕುರಿ ತರುಬಿ ಗೊಬ್ಬರ ಕೊಡುತ್ತ, ಮುಂಗಾರಿಗೆ ಮರಳುತ್ತಾರೆ. ಮರಳುವ ಹೊತ್ತಿಗೆ ಊರ ಹೊಲಗಳಲ್ಲಿ ಬಿತ್ತನೆ. ಆಗ ಕುರಿಗಳಿಗೆ ಉಳಿಯುವುದು ಹಳ್ಳದ ದಂಡೆಯ ಗಾಯರಾಣ, ಊರಿಗೆಲ್ಲ ಸೇರಿದ ಮೇವಿನ ಬಯಲು, ಅದೊಂದೇ. ಅದು ಹೋದರೆ ಹಿಂಡನ್ನು ಮಾರಬೇಕು. ಹಿಂಡನ್ನು ಮಾರಿ ಬದುಕುವುದು ಹೇಗೆಂದು ಅಂಬುಬಾಯಿಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಇಲ್ಲ.

ಹೊರದೇಶದ ಒಂದು ಸಂಸ್ಥೆ ತನ್ನ ಅಭಿವೃದ್ಧಿ ಕೆಲಸಕ್ಕೆ ಈ ವಾಡಿಯನ್ನು ಆರಿಸಿಕೊಂಡಿತು. ಜನರನ್ನು ಕೇಳದೆ ಏನೂ ಮಾಡುವುದಿಲ್ಲ ಎಂಬುದು ಅದರ ಹೆಮ್ಮೆ. ಪುಣೆ ಕಚೇರಿಯಿಂದ ಬಂದ ಋಷಿಕೇಶ ಉದಗೀರದವನು, ಮನೆಮಾತು ಕನ್ನಡ, ಮನುಷ್ಯ ಒಳ್ಳೆಯವನೇ. ಮಾರುತಿ ಗುಡಿಯ ಮುಂದೆ ಜನರನ್ನು ಕೂಡಿಸಿ, ಅವರ ಕೈಯಿಂದಲೇ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರ ನಕ್ಷೆ ಬರೆಸಿದ. ಕೇಳಿದ್ದೇನೋ ನಿಜ, ಆದರೆ ಕೇಳಿದ್ದು ಜನವರಿಯಲ್ಲಿ. ಕುರಿಯವರ ಮನೆಗಳಿಗೆಲ್ಲ ಆಗ ಬೀಗ. ಇದ್ದವರು ಗಾಯರಾಣವನ್ನು ಖಾಲಿ ಜಾಗ ಎಂದರು, ಅಲ್ಲಿ ಮರ ನೆಡೋಣ ಎಂದರು. ದನಕುರಿ ನುಗ್ಗದಂತೆ ಸುತ್ತ ಕಂದಕ ತೋಡಿ ಬಂದೋಬಸ್ತು ಮಾಡಲು ಮಂಜೂರಾತಿಯೂ ಬಂತು. ಇದಕ್ಕೆ ಜನರ ಸಹಭಾಗಿತ್ವ ಎಂದು ಹೆಸರು.

ಜೂನಿನಲ್ಲಿ ಸಂಸ್ಥೆಯ ದೊಡ್ಡ ಮೇಡಂ ವಿದೇಶದಿಂದ ನೋಡಲು ಬಂದರು. ಅವರಿಗಾಗಿ ಅದೇ ನಕ್ಷೆಯನ್ನು ಮತ್ತೆ ಬರೆಸಿ, ಗಾಯರಾಣದ ಜಾಗದಲ್ಲಿ ಹಸಿರು ಪುಡಿಯ ಮರಗಳನ್ನು ಮೂಡಿಸಿದ್ದರು. ಹಿಂಡು ಹಿಂದಿನ ದಿನವಷ್ಟೇ ಊರಿಗೆ ಬಂದಿತ್ತು. ಸುದ್ದಿ ತಿಳಿದ ಅಂಬುಬಾಯಿ ಗುಡಿಯ ಮುಂದೆ ಬಂದು ನಕ್ಷೆಯನ್ನು ಒಂದು ಸುತ್ತು ಹಾಕಿ ನೋಡಿದಳು. ಹೆಗಲ ಮೇಲಿನ ಕಂಬಳಿ ಝಾಡಿಸಿ, ಆ ಹಸಿರು ಮರಗಳ ಮೇಲೆ ಹಾಸಿ ಕುಳಿತುಬಿಟ್ಟಳು.

ಕೂಡಿದ ಮಂದಿ ಎರಡು ಹೆಜ್ಜೆ ಹಿಂದೆ ಸರಿದರು. ಕುರಿಯವರ ದೇವರು ಬೀರಪ್ಪನ ಒಕ್ಕಲಿನಲ್ಲಿ ತಂಟೆ ಬಂದಾಗ ಕಂಬಳಿ ಹಾಸುತ್ತಾರೆ. ಮಾತು ತೀರುವ ತನಕ ಅದನ್ನು ಯಾರೂ ಎತ್ತುವಂತಿಲ್ಲ, ಚಪ್ಪಲಿ ಕಾಲಲ್ಲಿ ಮೆಟ್ಟುವಂತಿಲ್ಲ, ಅದರ ಮೇಲೆ ಕುಳಿತು ಆಡಿದ ಮಾತನ್ನು ಹಿಂದಕ್ಕೆ ಪಡೆಯುವಂತಿಲ್ಲ. ಹೆಂಗಸು ಹಾಸಿದ್ದನ್ನು ವಾಡಿ ಅಲ್ಲಿಯವರೆಗೆ ಕಂಡಿರಲಿಲ್ಲ. ಆದರೂ ಎತ್ತಲು ಒಬ್ಬರ ಕೈಯೂ ಮುಂದೆ ಬರಲಿಲ್ಲ.

"ಮಾವಶಿ, ಜರಾ ಬಾಜೂಕ ಕುಂದರ್ರಿ. ನಕ್ಷಾ ಕೆಡ್ತದ," ಎಂದ ಋಷಿಕೇಶ.

"ನಕ್ಷಾ ಯಾರದು ತಮ್ಮಾ?"

"ನಿಮ್ಮದೇರಿ. ಜನರದು. ನಾವು ಕೈ ಸುದ್ಧಾ ಹಚ್ಚಂಗಿಲ್ಲ."

"ಹಂಗಾದ್ರ ಸುಮ್ಮಕಿರು. ನನ್ನ ನಕ್ಷಾದಾಗ ನಾ ಕುಂತೀನಿ. ನಾವಿಲ್ಲದಾಗ ಬಂದು ಖಾಲಿ ಅದ ಅಂದ್ರಿ. ನೀ ಪುಣಾಕ್ಕ ಹೋದಾಗ ಉದಗೀರದಾಗ ನಿಮ್ಮ ಮನಿ ಖಾಲಿ ಅದ ಅಂತ ನಾ ಕುರಿ ಹೊಗಿಸಿದ್ರ ನಡೀತದೇನು? ಕಂದಕ ತೋಡಿದ್ರ ನಮ್ಮ ಹಿಂಡು ಎಲ್ಲಿ ನಿಂದರಬೇಕು, ಅದನ್ನ ಹೇಳು."

ಋಷಿಕೇಶ ಮೇಡಂ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಅಂದ. ಅವರು ನಕ್ಕು ಕೈಮುಗಿದರು.

"ನಾ ಇಷ್ಟುದ್ದ ಬೈದೀನಿ, ಅವರು ನಗ್ತಾರ," ಎಂದಳು ಅಂಬುಬಾಯಿ. "ಪೂರಾ ಹೇಳು."

ಈ ಸಲ ಆತ ಪೂರಾ ಹೇಳಿದ. ಮೇಡಂ ಮುಖ ಗಂಭೀರವಾಯಿತು. ಇಬ್ಬರೂ ತುಸು ಹೊತ್ತು ಮಾತಾಡಿಕೊಂಡರು.

"ಮತ್ತೊಮ್ಮೆ ಸಭಾ ಮಾಡ್ತಾರಂತ್ರಿ. ಬರೂ ಜನವರಿದಾಗ. ಸಂಸ್ಥಾದ ಕಾಯದಾ ಹಂಗದ."

"ಜನವರಿದಾಗ ನಾವು ಇರಂಗಿಲ್ಲ."

"ಕಾಯದಾ ಬದಲಾಗಂಗಿಲ್ಲ, ಮಾವಶಿ."

"ಊರು ಬದಲಿ ಮಾಡಾಕ ಬಂದೀರಿ. ನಿಮ್ಮದು ಒಂದು ಕಾಯದಾ ಬದಲಿ ಮಾಡಾಕ ಆಗಂಗಿಲ್ಲ?"

ಋಷಿಕೇಶ ಅದನ್ನೂ ಹಾಗೇ ಇಂಗ್ಲಿಷಿನಲ್ಲಿ ಹೇಳಿದ. ಮೇಡಂ ಕೇಳಿಸಿಕೊಂಡು, ಬಗ್ಗಿ ಬೂಟು ಬಿಚ್ಚತೊಡಗಿದರು, ಕಂಬಳಿಯ ಮೇಲೆ ಕೂರಲು. ಅಂಬುಬಾಯಿ ಕೈ ಅಡ್ಡ ಹಿಡಿದಳು.

"ಕುಂದರ್ಲಿ, ಬ್ಯಾಡನ್ನಂಗಿಲ್ಲ. ಇದರ ಮ್ಯಾಲ ಆಡಿದ ಮಾತು ಹಿಂದಕ್ಕ ತಗೊಳ್ಳಾಕ ಬರಂಗಿಲ್ಲ. ಅದನ್ನ ಮೊದಲ ಹೇಳು."

ಅದನ್ನು ಕೇಳಿ ಮೇಡಂ ಒಂದು ಬೂಟು ಕೈಯಲ್ಲಿ ಹಿಡಿದೇ ನಿಂತರು. ಆಮೇಲೆ ಕುಂಟುತ್ತ ಬೇವಿನ ನೆರಳಿಗೆ ಹೋಗಿ ತಮ್ಮ ದೇಶದ ಕಚೇರಿಗೆ ಫೋನು ಹಚ್ಚಿದರು. ಬಹಳ ಹೊತ್ತು ಮಾತಾಡಿದರು, ಒಮ್ಮೆ ದನಿ ಏರಿಸಿದರು ಕೂಡ. ಬಂದವರೇ ಇನ್ನೊಂದು ಬೂಟನ್ನೂ ಕಳಚಿ ಕಂಬಳಿಯ ಅಂಚಿಗೆ ಕುಳಿತು ನಾಲ್ಕು ಮಾತು ಆಡಿದರು.

"ಈ ವರ್ಷ ಕಂದಕ ತೋಡಂಗಿಲ್ಲಂತ," ಎಂದ ಋಷಿಕೇಶ. ಆತನ ಮುಖದಲ್ಲೂ ಸಮಾಧಾನ ಕಂಡಿತು. ಮಂದಿ ಉಸಿರು ಬಿಟ್ಟರು. ಗುಡಿಕಟ್ಟೆಯ ಹತ್ತಿರ ನಿಂತಿದ್ದ ಅಮೋಘಸಿದ್ಧ ಹೆಂಡತಿಗೆ ಏಳು ಎಂದು ಸನ್ನೆ ಮಾಡಿದ.

"ಮುಂದಿನ ವರ್ಷ?" ಎಂದಳು ಅಂಬುಬಾಯಿ.

ಋಷಿಕೇಶ ಕೇಳಿದ. ಅದನ್ನು ತಾವೊಬ್ಬರೇ ಹೇಳಲಾಗದು ಎಂಬಂತೆ ಮೇಡಂ ಫೋನು ತೋರಿಸಿದರು.

"ಕಂಬಳಿ ಮ್ಯಾಲ ಈ ವರ್ಷ, ಮುಂದಿನ ವರ್ಷ ಅಂತ ಇರಂಗಿಲ್ಲ ತಮ್ಮಾ. ಮತ್ತೊಮ್ಮೆ ಫೋನ್ ಹಚ್ಚು ಅನ್ನು."

ಮೇಡಂ ಬರಿಗಾಲಲ್ಲೇ ಎದ್ದು ಬೇವಿನ ಕಡೆ ನಡೆದರು. ಅಮೋಘಸಿದ್ಧ ಹತ್ತಿರ ಬಂದು ಮೆಲ್ಲಗೆ, "ಇಷ್ಟಕ್ಕ ಬಿಡು. ಹಿಂಡು ಹೊರಗ ಬಿಡೂ ಹೊತ್ತಾತು," ಎಂದ.

"ನೀವು ಹೋಗಿ ಬಿಡ್ರಿ. ಗಾಯರಾಣದಾಗೇ ಹೊಡೀರಿ," ಎಂದು ಅಂಬುಬಾಯಿ ಕಾಲು ಚಾಚಿ ಇನ್ನಷ್ಟು ಸರಿಯಾಗಿ ಕುಳಿತಳು.